ಮಗುವಿನ ಕೈಯಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಿದ್ದರೆ: ಮೊದಲ ದಿನದಿಂದ ಶಾಲೆಯವರೆಗೆ

ಸುಮಾರು 500 ಶಿಶುಗಳಲ್ಲಿ ಒಂದು ಶಿಶು ಕೈಯಲ್ಲೋ ತೋಳಿನಲ್ಲೋ ಏನಾದರೊಂದು ವ್ಯತ್ಯಾಸದೊಂದಿಗೆ ಹುಟ್ಟುತ್ತದೆ. ಎರಡು ಬೆರಳು ಕೂಡಿಕೊಂಡಿರಬಹುದು, ಆರನೇ ಬೆರಳಿರಬಹುದು, ಹೆಬ್ಬೆರಳು ಸಣ್ಣದಿರಬಹುದು ಅಥವಾ ಇಲ್ಲದೇ ಇರಬಹುದು, ಮುಂಗೈ ಅರ್ಧಕ್ಕೇ ನಿಂತಿರಬಹುದು. ಮನೆಯವರು ಮೊದಲು ಕೇಳುವುದು ‘ಆಪರೇಷನ್ ಯಾವಾಗ?’ ಎಂದು. ಅದಕ್ಕೆ ಉತ್ತರವಿದೆ, ಮುಂದೆ ವಿವರವಾಗಿ ಬರುತ್ತದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಕೈ ಬಿಟ್ಟು ಮಗುವಿನ ಉಳಿದ ದೇಹ ಸರಿಯಿದೆಯೇ? ಇವತ್ತಿನಿಂದಲೇ ಮನೆಯಲ್ಲಿ ಮಾಡಬೇಕಾದದ್ದು ಏನಾದರೂ ಇದೆಯೇ? ಈ ಎರಡನ್ನೂ ದಾಟಿ ನೇರವಾಗಿ ಆಪರೇಷನ್ನಿಗೆ ಹೊರಟಾಗಲೇ ಹೆಚ್ಚು ತಪ್ಪುಗಳಾಗುವುದು.

ಮೊದಲು ಕಾರಣದ ಮಾತು

ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆಮಣೆ ಮುಟ್ಟಿದಳು, ಕತ್ತರಿ ಹಿಡಿದಳು, ಅದಕ್ಕೇ ಮಗುವಿನ ಬೆರಳು ಹೋಯಿತು ಎನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದು ಸುಳ್ಳು. ಗರ್ಭ ಕಟ್ಟಿದ 4ನೇ ವಾರದಲ್ಲಿ ತೋಳಿನ ಮೊಗ್ಗು ಮೂಡುತ್ತದೆ; 8ನೇ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೆ ಕೈ ಮುಕ್ಕಾಲುಪಾಲು ರೂಪುಗೊಂಡಿರುತ್ತದೆ. ಈ ನಾಲ್ಕು ವಾರಗಳಲ್ಲಿ ಜೀನ್‌ನಲ್ಲಿ ಆದ ಬದಲಾವಣೆ ಅಥವಾ ಮೊಗ್ಗಿಗೆ ಹೋಗುವ ರಕ್ತದಲ್ಲಿ ಆದ ತಡೆ ಹೆಚ್ಚಿನ ವ್ಯತ್ಯಾಸಗಳಿಗೆ ಮೂಲ. ಕೆಲವು ಮಕ್ಕಳಲ್ಲಿ ಗರ್ಭಚೀಲದ ಪೊರೆಯ ಎಳೆ ಬೆರಳಿಗೋ ಮುಂಗೈಗೋ ಸುತ್ತಿಕೊಂಡು, ಮುಂದಿನ ತಿಂಗಳುಗಳಲ್ಲೂ ಹಾನಿ ಮಾಡುತ್ತದೆ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್, ಗರ್ಭ ತೆಗೆಸಲು ನುಂಗುವ ಮಿಸೊಪ್ರೊಸ್ಟಾಲ್, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಇವು ಅಪಾಯ ಹೆಚ್ಚಿಸುತ್ತವೆ. ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದ ತಾಯಿ ಅದನ್ನು ತಾನಾಗಿ ನಿಲ್ಲಿಸಬಾರದು, ಫಿಟ್ಸ್ ಮರಳಿ ಬಂದರೆ ಜೀವಕ್ಕೇ ಅಪಾಯ. ಮುಂದಿನ ಬಸಿರಿಗೆ ಮೊದಲೇ ನರರೋಗ ವೈದ್ಯರನ್ನು ಕಂಡು ಮಾತ್ರೆ ಬದಲಾಯಿಸಿಕೊಳ್ಳಬೇಕು. ಬಹಳಷ್ಟು ಮಕ್ಕಳಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಅತ್ತೆ, ನಾದಿನಿ, ನೆರೆಮನೆಯವರು ಏನೇ ಅನ್ನಲಿ, ಬಾಣಂತಿಗೆ ‘ಇದರಲ್ಲಿ ನಿನ್ನ ತಪ್ಪಿಲ್ಲ’ ಎಂಬ ಮಾತನ್ನು ಗಂಡನೇ ಮೊದಲ ದಿನವೇ ಹೇಳಬೇಕು. ತಪ್ಪಿನ ಭಾರ ಹೊತ್ತ ತಾಯಿ ಮಗುವಿನ ಕೈಯನ್ನು ಸೆರಗಿನಡಿ ಮುಚ್ಚಿಡುತ್ತಾಳೆ, ಮುಚ್ಚಿಟ್ಟ ಕೈ ಕಲಿಯುವುದಿಲ್ಲ.

ಮೊದಲ 48 ಗಂಟೆಯಲ್ಲಿ ನೋಡಬೇಕಾದದ್ದು

ಮಗುವನ್ನು ಬಟ್ಟೆ ಬಿಚ್ಚಿ ಬೆಳಕಿನಲ್ಲಿ ಮಲಗಿಸಿ, ಮಕ್ಕಳ ವೈದ್ಯರ ಜೊತೆ ತಲೆಯಿಂದ ಕಾಲಿನವರೆಗೆ ನೋಡಿ. ಇನ್ನೊಂದು ಕೈ, ಎರಡೂ ಪಾದ, ಬೆನ್ನು, ಅಂಗುಳು, ಗುದದ್ವಾರ. ಎದೆಯ ಎರಡು ಬದಿಯೂ ಸಮವಾಗಿದೆಯೇ? ಬೆರಳು ಗಿಡ್ಡವಾಗಿ ಕೂಡಿಕೊಂಡಿದ್ದು, ಅದೇ ಬದಿಯ ಎದೆ ಚಪ್ಪಟೆಯಾಗಿದ್ದು, ಕಂಕುಳಿನ ಮುಂದಿನ ಮಡಿಕೆಯೇ ಇಲ್ಲದಿದ್ದರೆ ಅದು ಪೋಲೆಂಡ್ ಸಿಂಡ್ರೋಮ್. ಎದೆಯ ದೊಡ್ಡ ಸ್ನಾಯುವಿನ ಒಂದು ಭಾಗ ಅಲ್ಲಿ ಬೆಳೆದಿರುವುದಿಲ್ಲ. ಜೀವಕ್ಕೆ ತೊಂದರೆಯಿಲ್ಲ, ಆದರೆ ತಿಳಿದಿರಬೇಕು.

ಅದೇ ದಿನ ಓಡಬೇಕಾದ ಸಂದರ್ಭಗಳೂ ಇವೆ. ಬೆರಳಿನ ಅಥವಾ ಮುಂಗೈಯ ಸುತ್ತ ದಾರ ಬಿಗಿದಂತೆ ಆಳವಾದ ಗೆರೆಯಿದ್ದು, ಅದರ ಮುಂದಿನ ಭಾಗ ಊದಿಕೊಂಡು ನೀಲಿಯಾಗಿದ್ದರೆ ರಕ್ತ ಹಿಂದಿರುಗುತ್ತಿಲ್ಲ ಎಂದರ್ಥ. ಆ ಬೆರಳು ಉಳಿಯಬೇಕಾದರೆ ಗಂಟೆಗಳ ಲೆಕ್ಕದಲ್ಲಿ ಶಸ್ತ್ರವೈದ್ಯರ ಬಳಿ ಹೋಗಬೇಕು. ಹೆಬ್ಬೆರಳು ಸರಿಯಿಲ್ಲದ ಮಗುವಿನ ಬಾಯಲ್ಲಿ ನೊರೆ ಬರುತ್ತಲೇ ಇದ್ದು, ಹಾಲು ಕುಡಿದ ಕೂಡಲೇ ಕೆಮ್ಮಿ ನೀಲಿಯಾದರೆ ಅನ್ನನಾಳದ ದೋಷವಿರಬಹುದು. ಹಾಲೂಡಿಸುವುದನ್ನು ನಿಲ್ಲಿಸಿ ತಕ್ಷಣ ವೈದ್ಯರನ್ನು ಕರೆಯಿರಿ. ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಕಂಡರೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಎಣಿಕೆ ಮಾಡದೆ ಸ್ನಾಯುವಿಗೆ ಇಂಜೆಕ್ಷನ್ ಕೊಡಿಸಬೇಡಿ.

ಕೈಯ ಆಕಾರ ಪೂರ್ತಿ ಸರಿಯಿದ್ದು ತೋಳು ಮಾತ್ರ ಜೋತು ಬಿದ್ದಿದ್ದರೆ ಅದು ಬೇರೆ ಸಂಗತಿ. ಕಷ್ಟದ ಹೆರಿಗೆಯಲ್ಲಿ ಕುತ್ತಿಗೆಯ ನರಗಳು ಎಳೆದುಕೊಂಡಿರಬಹುದು, ಕೊರಳಪಟ್ಟಿಯ ಮೂಳೆ ಮುರಿದಿರಲೂಬಹುದು. ಹೆಚ್ಚಿನ ಮಕ್ಕಳು ತಾವಾಗಿಯೇ ಸುಧಾರಿಸುತ್ತಾರೆ. ಒಂದು ತಿಂಗಳಾದರೂ ಚಲನೆ ಪೂರ್ತಿ ಮರಳದಿದ್ದರೆ ತಜ್ಞರಿಗೆ ತೋರಿಸಿ. 3 ತಿಂಗಳಾದರೂ ಮಗು ಮೊಣಕೈ ಮಡಚದಿದ್ದರೆ ನರದ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುವ ಕಾಲ ಬಂದಿದೆ. ‘ದೊಡ್ಡವನಾದ ಮೇಲೆ ನೋಡೋಣ’ ಎಂದು ವರ್ಷ ಕಳೆದರೆ ಆ ಅವಕಾಶ ಮುಗಿದುಹೋಗುತ್ತದೆ.

ಹೆಬ್ಬೆರಳಿನ ಬದಿಯ ಕೊರತೆಯಾದರೆ ಈ ಪರೀಕ್ಷೆಗಳು ಕಡ್ಡಾಯ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡುವಿರಾದರೆ ಇದು ಇರಲಿ. ಮುಂಗೈಯಲ್ಲಿ ಎರಡು ಮೂಳೆಗಳು: ಹೆಬ್ಬೆರಳಿನ ಕಡೆ ರೇಡಿಯಸ್, ಕಿರುಬೆರಳಿನ ಕಡೆ ಅಲ್ನಾ. ಅಲ್ನಾ ಕಡೆಯ ಕೊರತೆಗೆ ಸಾಮಾನ್ಯವಾಗಿ ಬೇರೆ ಮೂಳೆಗಳ ತೊಂದರೆ ಜೊತೆಯಾಗುತ್ತದೆ, ಒಳಾಂಗಗಳದ್ದು ಅಪರೂಪ. ರೇಡಿಯಸ್ ಅಥವಾ ಹೆಬ್ಬೆರಳು ಸಣ್ಣದಿದ್ದರೆ, ಇಲ್ಲದಿದ್ದರೆ, ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಬಾಗಿದ್ದರೆ ಹೃದಯ, ಕಿಡ್ನಿ, ರಕ್ತ, ಬೆನ್ನುಮೂಳೆ ಇಷ್ಟನ್ನೂ ನೋಡಲೇಬೇಕು. ಇವೆಲ್ಲವೂ ಗರ್ಭದಲ್ಲಿ ಹೆಚ್ಚುಕಡಿಮೆ ಒಂದೇ ವಾರಗಳಲ್ಲಿ ರೂಪುಗೊಳ್ಳುತ್ತವೆ.

ಮಾಡಿಸಬೇಕಾದದ್ದು: ಹೃದಯಕ್ಕೆ ಎಕೋ ಮತ್ತು ಇಸಿಜಿ, ಹೊಟ್ಟೆಗೆ ಅಲ್ಟ್ರಾಸೌಂಡ್, ಬೆನ್ನುಮೂಳೆಯ ಎಕ್ಸ್‌ರೇ, ಪ್ಲೇಟ್‌ಲೆಟ್ ಸಹಿತ ಪೂರ್ಣ ರಕ್ತ ಎಣಿಕೆ ಮತ್ತು ಕ್ರೋಮೋಸೋಮ್ ಬ್ರೇಕೇಜ್ ಪರೀಕ್ಷೆ. ಕೊನೆಯದನ್ನು ಹಲವು ಕಡೆ ಬಿಟ್ಟುಬಿಡುತ್ತಾರೆ, ಅದನ್ನು ನೀವೇ ಕೇಳಿ ಮಾಡಿಸಿ. ಅದು ಪತ್ತೆಹಚ್ಚುವ ಫ್ಯಾಂಕೋನಿ ಅನೀಮಿಯಾ ಎಂಬ ಕಾಯಿಲೆಯಲ್ಲಿ ಹುಟ್ಟುವಾಗ ರಕ್ತ ಸಾಮಾನ್ಯವಾಗಿ ಸರಿಯಿರುತ್ತದೆ, ಹೆಬ್ಬೆರಳು ಮಾತ್ರ ಸಣ್ಣದಿರಬಹುದು. ರಕ್ತ ತಯಾರಿಸುವ ಅಸ್ಥಿಮಜ್ಜೆ ಸೋಲುವುದು ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿನಲ್ಲಿ. ಅಷ್ಟರಲ್ಲಿ ಕೈಯ ಆಪರೇಷನ್ ಮುಗಿದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ಮೊದಲೇ ಗೊತ್ತಿದ್ದರೆ ರಕ್ತವನ್ನು ನಿಯಮಿತವಾಗಿ ನೋಡುತ್ತಿರಬಹುದು, ಅನಗತ್ಯ ಎಕ್ಸ್‌ರೇ, ಸಿಟಿ ಸ್ಕ್ಯಾನ್ ತಪ್ಪಿಸಬಹುದು, ಮಜ್ಜೆ ಕಸಿಗೆ ಒಡಹುಟ್ಟಿದವರ ಹೊಂದಾಣಿಕೆಯನ್ನು ಸಮಯವಿರುವಾಗಲೇ ನೋಡಬಹುದು.

ರೇಡಿಯಸ್ ಪೂರ್ತಿ ಇಲ್ಲದಿದ್ದರೂ ಹೆಬ್ಬೆರಳು ಇದ್ದರೆ ಟಿಎಆರ್ ಸಿಂಡ್ರೋಮ್‌ನ ಶಂಕೆ ಬರಬೇಕು. ಈ ಮಕ್ಕಳಿಗೆ ಮೊದಲ ವರ್ಷದಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆಯಿರುತ್ತದೆ, ಹಸುವಿನ ಹಾಲು ಒಗ್ಗದಿರುವುದೂ ಉಂಟು. ಬೆಳೆದಂತೆ ಎಣಿಕೆ ಏರುತ್ತದೆ, ಏರುವವರೆಗೆ ಕೈಯ ಆಪರೇಷನ್ ಕಾಯಬೇಕು. ಹೆಬ್ಬೆರಳಿನ ವ್ಯತ್ಯಾಸದ ಜೊತೆ ಹೃದಯದಲ್ಲಿ ರಂಧ್ರವಿದ್ದರೆ ಹೋಲ್ಟ್-ಓರಮ್ ಎಂಬ ಅನುವಂಶೀಯ ಕಾಯಿಲೆ ಇರಬಹುದು. ಆಗ ತಂದೆ ತಾಯಿಯರ ಹೆಬ್ಬೆರಳುಗಳನ್ನೂ ನೋಡಬೇಕು, ಅವರಿಗೂ ಇಸಿಜಿ ಮಾಡಿಸಬೇಕು. ತನಗೇ ಗೊತ್ತಿಲ್ಲದೆ ತಂದೆಯೋ ತಾಯಿಯೋ ಅದನ್ನು ಹೊತ್ತಿರುವುದು ಉಂಟು. ಹಾಗಿದ್ದರೆ ಮುಂದಿನ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಫ್ಯಾಂಕೋನಿಯಲ್ಲಿ ಹೆಚ್ಚಾಗಿ ತಂದೆ ತಾಯಿ ಇಬ್ಬರೂ ವಾಹಕರು, ಮುಂದಿನ ಮಗುವಿಗೆ ಸಾಧ್ಯತೆ ಶೇ. 25. ಸೋದರಮಾವ, ಅತ್ತೆಮಕ್ಕಳ ನಡುವಿನ ಮದುವೆಗಳಲ್ಲಿ ಇಂಥ ಕಾಯಿಲೆಗಳು ಹೆಚ್ಚು ಕಾಣುವುದು ಈ ಕಾರಣಕ್ಕೆ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಪಡೆಯಿರಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಈ ಕೆಲಸ ಮಾಡುತ್ತದೆ. ಮುಂಗೈ ಅಡ್ಡಲಾಗಿ ಅರ್ಧಕ್ಕೇ ನಿಂತ ಮಕ್ಕಳಲ್ಲಿ ಮಾತ್ರ ಅನುವಂಶೀಯ ಕಾರಣ ಬಹಳ ಅಪರೂಪ. ಆ ಮನೆಗಳಲ್ಲಿ ಎರಡನೇ ಮಗುವಿನ ಬಗ್ಗೆ ಇರುವ ಭಯಕ್ಕೆ ಆಧಾರವಿಲ್ಲ.

ಯಾರಿಗೆ ತೋರಿಸಬೇಕು, ಏನು ಒಯ್ಯಬೇಕು

ಮೊದಲ 3 ತಿಂಗಳೊಳಗೆ ಮಕ್ಕಳ ಕೈ ನೋಡುವ ಹ್ಯಾಂಡ್ ಸರ್ಜನ್ ಒಬ್ಬರನ್ನು ಕಾಣಿ. ಮೂಳೆ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಯಾರಾದರೂ ಆಗಬಹುದು. ಈ ಬಗೆಯ ಮಕ್ಕಳ ಕೈಯ ಕೆಲಸವನ್ನು ಅವರು ನಿಯಮಿತವಾಗಿ ಮಾಡುತ್ತಾರೆಯೇ ಎಂಬುದು ಮುಖ್ಯ. ವೆಲ್ಲೂರಿನ ಸಿಎಂಸಿ, ಕೊಯಮತ್ತೂರಿನ ಗಂಗಾ ಆಸ್ಪತ್ರೆ, ಮಣಿಪಾಲದ ಕೆಎಂಸಿಗಳಲ್ಲಿ ಕೈಗೆಂದೇ ವಿಭಾಗಗಳಿವೆ. ಸರ್ಕಾರಿ ದಾರಿಯಲ್ಲಿ ಹೋಗುವವರು ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ, ಚೀಟಿ ಬರೆಸಿಕೊಳ್ಳಿ. ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ಬರಲೆಂದು ಕಾಯದೆ ನೀವೇ ಹೋಗಬಹುದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋದರೆ ಅಲ್ಲಿಂದ ವಾಪಸ್ ಕಳಿಸುತ್ತಾರೆ. ಮೊದಲು ಚೀಟಿ, ಆಮೇಲೆ ಬಸ್ಸು.

ಒಯ್ಯಬೇಕಾದದ್ದು: ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳು, ಬಸಿರಿನಲ್ಲಿ ತೆಗೆದುಕೊಂಡ ಮಾತ್ರೆಗಳ ಪಟ್ಟಿ, ಎರಡೂ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಬೆರಳಿನ ವ್ಯತ್ಯಾಸವಿದೆಯೇ ಎಂಬ ವಿವರ. ಪ್ರತಿ ತಿಂಗಳೂ ಎರಡೂ ಕೈಗಳ ಫೋಟೋ ತೆಗೆದಿಡಿ, ಅಂಗೈ ಒಂದು, ಹಿಂಗೈ ಒಂದು. ಮಗು ಏನನ್ನಾದರೂ ಹಿಡಿಯುವಾಗಿನ ಅರ್ಧ ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಡಾಕ್ಟರ ಮುಂದೆ ಮಗು ಅಳುವುದೇ ಹೆಚ್ಚು, ಹಿಡಿಯುವುದು ಕಡಿಮೆ. ಹುಟ್ಟಿದಾಗಿನ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಪುಟ್ಟ ಮೂಳೆಗಳು ಕಾಣದಿದ್ದರೆ ಹೆದರಬೇಡಿ. ಆಗ ಅವು ಮೆದುಮೂಳೆಯಾಗಿರುವುದರಿಂದ ಯಾವ ಶಿಶುವಿನಲ್ಲೂ ಕಾಣುವುದಿಲ್ಲ.

ಮನೆಯಲ್ಲಿ ಮಾಡುವ ಕೆಲಸ

ರೇಡಿಯಸ್ ಕೊರತೆಯಿಂದ ಮಣಿಕಟ್ಟು ಬಾಗಿರುವ ಮಗುವಿಗೆ ಎಳೆತದ ವ್ಯಾಯಾಮ ಮೊದಲ ವಾರದಲ್ಲೇ ಶುರುವಾಗಬೇಕು. ಮೊದಲ ಸಲ ಥೆರಪಿಸ್ಟ್ ಕೈಹಿಡಿದು ತೋರಿಸಲಿ. ಕ್ರಮ ಹೀಗಿದೆ: ಒಂದು ಕೈಯಿಂದ ಮಗುವಿನ ಮುಂಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿಯಿರಿ. ಇನ್ನೊಂದು ಕೈಯಿಂದ ಅಂಗೈಯನ್ನು ಹಿಡಿಯಿರಿ, ಬೆರಳುಗಳನ್ನಲ್ಲ. ಬೆರಳು ಹಿಡಿದೆಳೆದರೆ ಗೆಣ್ಣುಗಳು ಸಡಿಲವಾಗುತ್ತವೆ, ಮಣಿಕಟ್ಟು ಹಾಗೇ ಉಳಿಯುತ್ತದೆ. ಮೊದಲು ಉದ್ದಕ್ಕೆ ಮೃದುವಾಗಿ ಎಳೆಯಿರಿ, ಆ ಎಳೆತ ಬಿಡದೆ ನಿಧಾನವಾಗಿ ಕಿರುಬೆರಳಿನ ಕಡೆಗೆ ತಿರುಗಿಸಿ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹತ್ತು ಸಲ ಮಾಡಿ. ಬಟ್ಟೆ ಬದಲಾಯಿಸುವಾಗಲೆಲ್ಲ ಮಾಡಿದರೆ ದಿನಕ್ಕೆ ಆರು ಏಳು ಸಲ ತಾನಾಗಿ ಆಗುತ್ತದೆ. ಮಗು ಮುಖ ಸಿಂಡರಿಸಿದರೆ ಪರವಾಗಿಲ್ಲ, ಜೋರಾಗಿ ಅತ್ತರೆ ಬಲ ಹೆಚ್ಚಾಯಿತೆಂದರ್ಥ. ಮೊಣಕೈ ಬಿಗಿಯಾಗಿದ್ದರೆ ಅದನ್ನೂ ಮಡಚಿ ಬಿಡಿಸಬೇಕು. ಮುಂದೆ ಯಾವ ಆಪರೇಷನ್ ಸಾಧ್ಯ ಎಂಬುದನ್ನು ಮೊಣಕೈಯೇ ತೀರ್ಮಾನಿಸುತ್ತದೆ.

ವ್ಯಾಯಾಮದಿಂದ ಬಂದ ಲಾಭವನ್ನು ಹಿಡಿದಿಡುವುದು ಸ್ಪ್ಲಿಂಟ್. ಬಿಸಿ ಮಾಡಿದರೆ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಲ್ಲಿ ಥೆರಪಿಸ್ಟ್ ಅದನ್ನು ಮಗುವಿನ ಕೈಗೇ ಅಚ್ಚು ಮಾಡುತ್ತಾರೆ. ತೆಗೆದ ಮೇಲೆ ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಯದಿದ್ದರೆ ಆ ಜಾಗದಲ್ಲಿ ಒತ್ತುತ್ತಿದೆ, ತಿದ್ದಿಸಬೇಕು. ಶಿಶು ಬೇಗ ಬೆಳೆಯುವುದರಿಂದ ಕೆಲವೇ ವಾರಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಸ್ಪ್ಲಿಂಟ್ ಅಡಿಯಲ್ಲಿ ಕರಿದಾರ, ಬೆಳ್ಳಿ ಕಡಗ, ಕರಿಮಣಿ ಯಾವುದೂ ಇರಬಾರದು. ದೃಷ್ಟಿಗೆ ದಾರ ಬೇಕೇ ಬೇಕೆಂದರೆ ಇನ್ನೊಂದು ಕೈಗಿರಲಿ, ಅದೂ ಒಂದು ಬೆರಳು ತೂರುವಷ್ಟು ಸಡಿಲವಾಗಿ. ದಿನವಿಡೀ ಕೈ ಮುಚ್ಚಿಡುವ ಸ್ಪ್ಲಿಂಟ್ ಒಳ್ಳೆಯದಲ್ಲ. ಮಗು ವಸ್ತುಗಳನ್ನು ಮುಟ್ಟತೊಡಗುವ 3-4ನೇ ತಿಂಗಳಿಂದ ಸ್ಪ್ಲಿಂಟ್ ಹೆಚ್ಚಾಗಿ ನಿದ್ದೆಯ ಹೊತ್ತಿಗಿರಲಿ.

ನೀರೆರೆಯುವ ಅಜ್ಜಿಯರಿಗೆ ಒಂದು ವಿನಂತಿ. ಎಣ್ಣೆ ಹಚ್ಚುವುದರಿಂದ ತೊಂದರೆಯಿಲ್ಲ. ಆದರೆ ‘ಸೊಟ್ಟ ಕೈ ನೆಟ್ಟಗಾಗಲಿ’ ಎಂದು ಬಲವಾಗಿ ತಿರುಚಬೇಡಿ. ಕೀಲುಗಳು ಹುಟ್ಟಿನಿಂದಲೇ ಬಿಗಿದಿರುವ ಮಕ್ಕಳಲ್ಲಿ ಹಾಗೆ ಮಾಡಿದರೆ ತೋಳಿನ ಮೂಳೆಯೇ ಮುರಿಯುತ್ತದೆ. ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟುವುದಂತೂ ಬೇಡವೇ ಬೇಡ. ಶಿಶುವಿನ ಕೈಯಲ್ಲಿ ರಕ್ತ ನಿಂತರೆ ಅದು ಹೇಳಿಕೊಳ್ಳಲಾರದು, ಕಟ್ಟು ಬಿಚ್ಚುವಷ್ಟರಲ್ಲಿ ಬೆರಳು ಕಪ್ಪಾಗಿರುತ್ತದೆ.

ಇನ್ನು ಕೆಲವು ಕೈಗಳಿಗೆ ಚಿಕಿತ್ಸೆಯೇ ಬೇಡ. ಮೊದಲ 3 ತಿಂಗಳು ಶಿಶು ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಳ್ಳುವುದು ಸಹಜ. ಆಮೇಲೂ ಹೆಬ್ಬೆರಳು ಅಂಗೈಯಲ್ಲೇ ಮಲಗಿದ್ದು, ನಾವು ಬಿಡಿಸಿದರೆ ಬಂದು, ಬಿಟ್ಟರೆ ಮತ್ತೆ ಒಳಹೋದರೆ ತೋರಿಸಿ. ಬೇಗ ಶುರುಮಾಡಿದರೆ ಕೆಲವು ತಿಂಗಳ ಸ್ಪ್ಲಿಂಟ್ ಸಾಕಾಗಬಹುದು. ಕಿರುಬೆರಳು ಪಕ್ಕಕ್ಕೆ ಸ್ವಲ್ಪ ಬಾಗಿದ್ದರೆ ಏನೂ ಮಾಡಬೇಕಿಲ್ಲ. ಅದು ಅಂಗೈ ಕಡೆಗೆ ಮಡಚಿಕೊಂಡಿದ್ದರೆ ಎಳೆತ ಮತ್ತು ರಾತ್ರಿ ಸ್ಪ್ಲಿಂಟ್. ಆಪರೇಷನ್ನಿಂದ ನೆಟ್ಟಗಾದರೂ ಮಡಚುವ ಶಕ್ತಿ ಹೋಗುವ ಅಪಾಯವಿದೆ, ಮಡಚಲಾಗದ ಕಿರುಬೆರಳಿಗಿಂತ ಸ್ವಲ್ಪ ಬಾಗಿದ ಕಿರುಬೆರಳೇ ಮೇಲು. ಮುಂಗೈಯ ಎರಡು ಮೂಳೆಗಳು ಮೊಣಕೈ ಬಳಿ ಕೂಡಿಕೊಂಡಿರುವುದು ಮೂರು ನಾಲ್ಕು ವರ್ಷದವರೆಗೆ ಯಾರಿಗೂ ಗೊತ್ತಾಗದೆ ಇರುತ್ತದೆ. ಮಗು ತೀರ್ಥಕ್ಕೆ ಅಂಗೈ ಒಡ್ಡಲಾಗದೆ ಇಡೀ ತೋಳನ್ನು ತಿರುಗಿಸಿದಾಗ, ಅನ್ನದ ತುತ್ತು ಬಾಯಿಗೆ ಹೋಗುವಾಗ ಚೆಲ್ಲಿದಾಗ ಹಿರಿಯರು ಗದರಿಸುತ್ತಾರೆ. ಅದು ಅಶಿಸ್ತಲ್ಲ, ಮೂಳೆ ತಿರುಗುತ್ತಿಲ್ಲ. ಹೆಚ್ಚಿನ ಮಕ್ಕಳು ಭುಜದಿಂದ ಹೊಂದಿಸಿಕೊಳ್ಳುತ್ತಾರೆ. ಅಂಗೈ ತೀರಾ ಕೆಳಮುಖವಾಗಿ ಬಿಗಿದಿದ್ದರೆ ಮಾತ್ರ ಆಪರೇಷನ್.

ಆಪರೇಷನ್: ಯಾವುದಕ್ಕೆ, ಯಾವಾಗ

ಕೂಡುಬೆರಳು. ಹೆಬ್ಬೆರಳು-ತೋರುಬೆರಳು ಅಥವಾ ಉಂಗುರಬೆರಳು-ಕಿರುಬೆರಳು ಕೂಡಿದ್ದರೆ 6ರಿಂದ 12 ತಿಂಗಳೊಳಗೆ ಬಿಡಿಸಬೇಕು. ಈ ಜೋಡಿಗಳಲ್ಲಿ ಒಂದು ಗಿಡ್ಡ, ಒಂದು ಉದ್ದ. ತಡವಾದರೆ ಗಿಡ್ಡದ್ದು ಉದ್ದದ್ದನ್ನು ತನ್ನ ಕಡೆಗೆ ಎಳೆದು ಸೊಟ್ಟ ಮಾಡುತ್ತದೆ. ನಡುಬೆರಳು-ಉಂಗುರಬೆರಳಿನದು 12ರಿಂದ 18 ತಿಂಗಳವರೆಗೆ ಕಾಯಬಹುದು. ಎರಡು ಬೆರಳಿನ ಸುತ್ತಳತೆಗೆ ಬೇಕಾದಷ್ಟು ಚರ್ಮ ಕೂಡುಬೆರಳಿನ ಮೇಲೆ ಇರುವುದಿಲ್ಲ, ಹಾಗಾಗಿ ನೇರವಾಗಿ ಸೀಳಿ ಹೊಲಿದರೆ ಕಲೆ ಬಿಗಿದು ಬೆರಳು ಬಾಗುತ್ತದೆ. ಅಂಕುಡೊಂಕಾಗಿ ಕತ್ತರಿಸಿ, ಬೆರಳಸಂದಿಗೆ ಹಿಂಗೈಯ ಚರ್ಮವನ್ನು ತಿರುಗಿಸಿ ಹಾಕಿ, ಉಳಿದ ಜಾಗಕ್ಕೆ ಹೆಚ್ಚಾಗಿ ತೊಡೆಸಂದಿನಿಂದ ಚರ್ಮದ ಕಸಿ ಮಾಡುತ್ತಾರೆ. ಆ ಕಸಿ ನಮ್ಮ ಮೈಬಣ್ಣದಲ್ಲಿ ಸುತ್ತಲಿಗಿಂತ ಕಪ್ಪಾಗಿ ಕಾಣುತ್ತದೆ. ತೊಡೆಸಂದಿನ ತೀರಾ ಒಳಭಾಗದಿಂದ ತೆಗೆದರೆ ಹರೆಯದಲ್ಲಿ ಅಲ್ಲಿ ಕೂದಲೂ ಬೆಳೆಯುತ್ತದೆ. ‘ಎಲ್ಲಿಂದ ತೆಗೆಯುತ್ತೀರಿ?’ ಎಂದು ಮೊದಲೇ ಕೇಳಿ. ಮೂರು ಬೆರಳು ಕೂಡಿದ್ದರೆ ಒಂದೇ ಬೆರಳಿನ ಎರಡೂ ಬದಿಯನ್ನು ಒಂದೇ ಸಲ ಬಿಡಿಸಬಾರದು, ರಕ್ತನಾಳಗಳಿಗೆ ಪೆಟ್ಟಾದರೆ ಬೆರಳೇ ಹೋಗುತ್ತದೆ. ನಡುವೆ 3ರಿಂದ 6 ತಿಂಗಳ ಅಂತರ ಬೇಕು. ‘ಒಂದೇ ಸಲಕ್ಕೆ ಮುಗಿಸಿಬಿಡಿ’ ಎಂದು ಒತ್ತಾಯಿಸಬೇಡಿ. ಮಗು ಬೆಳೆದಂತೆ ಬೆರಳಸಂದಿ ಸ್ವಲ್ಪ ಮುಂದಕ್ಕೆ ತೆವಳಬಹುದು, ಕೆಲವರಿಗೆ ಇನ್ನೊಂದು ಸಣ್ಣ ಆಪರೇಷನ್ ಬೇಕಾಗುತ್ತದೆ.

ಆರನೇ ಬೆರಳು. ಕಿರುಬೆರಳಿನ ಬದಿಯಲ್ಲಿ ತೆಳು ಚರ್ಮದಿಂದ ನೇತಾಡುವ ಬೆರಳಿಗೆ ದಾರ ಕಟ್ಟಿ ಉದುರಿಸುವ ರೂಢಿಯಿದೆ. ಬುಡದಲ್ಲಿ ಗಂಟು ಉಳಿಯುತ್ತದೆ, ಕತ್ತರಿಸಿಹೋದ ನರದ ತುದಿ ಮುಟ್ಟಿದರೆ ನೋಯುವ ಗುಬುಟಾಗುತ್ತದೆ, ಸೋಂಕೂ ಆಗಬಹುದು. ಶಸ್ತ್ರವೈದ್ಯರು ಬುಡಸಮೇತ ತೆಗೆದು ನರವನ್ನು ಒಳಗೆ ಸೇರಿಸಿ ಹೊಲಿಯುವುದೇ ಸರಿ. ಮೂಳೆಯಿರುವ ಆರನೇ ಬೆರಳಾದರೆ ವರ್ಷದ ಆಸುಪಾಸಿನಲ್ಲಿ.

ಜೋಡಿ ಹೆಬ್ಬೆರಳು ಬೇರೆಯೇ ಲೆಕ್ಕ. ‘ಒಂದು ಹೆಚ್ಚಿದೆ, ತೆಗೆದರಾಯಿತು’ ಎಂದು ಕಾಣುತ್ತದೆ. ನಿಜದಲ್ಲಿ ಒಂದೇ ಹೆಬ್ಬೆರಳಿನ ಸಾಮಗ್ರಿ ಎರಡಕ್ಕೆ ಹಂಚಿಹೋಗಿದೆ: ಎರಡೂ ಇನ್ನೊಂದು ಕೈಯದಕ್ಕಿಂತ ತೆಳ್ಳಗಿವೆ, ಕೀಲಿನ ಹೊರಬದಿಯ ಕಟ್ಟು ಮತ್ತು ಒಂದು ಮುಖ್ಯ ಸ್ನಾಯು ತೆಗೆಯಬೇಕಾದ ಬೆರಳಿಗೇ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಿ ಉಳಿಯುವ ಬೆರಳಿಗೆ ಜೋಡಿಸದೆ ಬರೀ ಕತ್ತರಿಸಿದರೆ ಕೆಲವು ವರ್ಷಗಳಲ್ಲಿ ಹೆಬ್ಬೆರಳು ಅಂಕುಡೊಂಕಾಗುತ್ತದೆ, ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ. ಸುಮಾರು ಒಂದು ವರ್ಷ ವಯಸ್ಸು ಸೂಕ್ತ. ಚೆನ್ನಾಗಿ ಮಾಡಿದ ಮೇಲೂ ಉಗುರು ಸ್ವಲ್ಪ ಸಣ್ಣದಾಗಿ, ಕೀಲು ಸ್ವಲ್ಪ ಬಿಗಿಯಾಗಿ ಉಳಿಯುವುದು ಸಹಜ.

ಸಿಕ್ಕಿಕೊಂಡ ಹೆಬ್ಬೆರಳು. ಒಂದೆರಡು ವರ್ಷದ ಮಗುವಿನ ಹೆಬ್ಬೆರಳಿನ ಮೇಲಿನ ಗೆಣ್ಣು ಮಡಚಿಕೊಂಡು ನಿಂತಿದ್ದು, ಬುಡದಲ್ಲಿ ಬಟಾಣಿ ಗಾತ್ರದ ಗಂಟು ಸಿಕ್ಕರೆ ಇದೇ. ಬಿದ್ದು ಮೂಳೆ ಮುರಿದಿದೆಯೆಂದು ಪ್ಲಾಸ್ಟರ್ ಹಾಕಿಸಿಕೊಂಡು ಬರುವವರಿದ್ದಾರೆ. ನೋವಿಲ್ಲ, ತುರ್ತೂ ಇಲ್ಲ. ಕೆಲವರಿಗೆ ತಾನಾಗಿ ಬಿಡುತ್ತದೆ, ಇಲ್ಲದಿದ್ದರೆ ಮೂರು ವರ್ಷದ ಹೊತ್ತಿಗೆ ಸಣ್ಣ ಆಪರೇಷನ್. ಬೆರಳಿನ ನರ ಅಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ, ಆದ್ದರಿಂದ ‘ಸಣ್ಣದು’ ಎಂದು ಎಲ್ಲೆಂದರಲ್ಲಿ ಮಾಡಿಸಬೇಡಿ.

ಹೆಬ್ಬೆರಳು ಇಲ್ಲದಿರುವುದು. ಮನೆಯವರಿಗೆ ಒಪ್ಪಿಕೊಳ್ಳಲು ಅತಿ ಕಷ್ಟವಾಗುವ ನಿರ್ಧಾರ ಇದು. ಹೆಬ್ಬೆರಳು ಸಣ್ಣದಿದ್ದರೂ ಅದರ ಬುಡದ ಕೀಲು ಗಟ್ಟಿಯಾಗಿದ್ದರೆ ಕಟ್ಟು ಬಿಗಿಸಿ, ಬೇರೆ ಸ್ನಾಯುರಜ್ಜು ತಂದು ಜೋಡಿಸಿ ಉಪಯೋಗಕ್ಕೆ ತರಬಹುದು. ಬುಡದ ಕೀಲೇ ಇಲ್ಲದಿದ್ದರೆ, ಬೆರಳು ಬರೀ ಚರ್ಮದಿಂದ ನೇತಾಡುತ್ತಿದ್ದರೆ, ಅದನ್ನು ತೆಗೆದು ತೋರುಬೆರಳನ್ನೇ ಅದರ ರಕ್ತನಾಳ, ನರಗಳ ಸಮೇತ ಗಿಡ್ಡ ಮಾಡಿ, ತಿರುಗಿಸಿ, ಹೆಬ್ಬೆರಳಿನ ಜಾಗದಲ್ಲಿ ಕೂರಿಸುವುದು ಸಾಮಾನ್ಯವಾಗಿ ಒಳ್ಳೆಯ ದಾರಿ. ಇದಕ್ಕೆ ಪಾಲಿಸೈಜೇಶನ್ ಎನ್ನುತ್ತಾರೆ. ‘ಇರುವ ನಾಲ್ಕರಲ್ಲಿ ಇನ್ನೊಂದನ್ನು ಯಾಕೆ ಕೆಡಿಸುವುದು?’ ಎಂಬ ಪ್ರಶ್ನೆ ಸಹಜ. ಮಗುವನ್ನೇ ಗಮನಿಸಿ. ಉಪಯೋಗವಿಲ್ಲದ ಹೆಬ್ಬೆರಳನ್ನು ಬಿಟ್ಟು, ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಬಿಸ್ಕತ್ತು ಹಿಡಿಯುತ್ತಿರುತ್ತದೆ. ತೋರುಬೆರಳನ್ನೇ ಹೆಬ್ಬೆರಳಾಗಿ ಬಳಸಲು ಅದರ ಮೆದುಳು ಆಗಲೇ ಶುರುಮಾಡಿದೆ. 12ರಿಂದ 18 ತಿಂಗಳ ನಡುವೆ ಹೆಚ್ಚಾಗಿ ಮಾಡುತ್ತಾರೆ. ತೋರುಬೆರಳು ಮೃದುವಾಗಿ ಮಡಚುತ್ತಿದ್ದರೆ ಫಲ ಚೆನ್ನಾಗಿರುತ್ತದೆ; ಅದೂ ಬಿಗಿಯಾಗಿದ್ದರೆ ಹೊಸ ಹೆಬ್ಬೆರಳೂ ಬಿಗಿಯಾಗಿರುತ್ತದೆ, ಇದನ್ನು ಮೊದಲೇ ತಿಳಿದಿರಬೇಕು.

ಬಾಗಿದ ಮಣಿಕಟ್ಟು. ವ್ಯಾಯಾಮ, ಸ್ಪ್ಲಿಂಟ್ ಆದಮೇಲೆ ಸುಮಾರು ಒಂದು ವರ್ಷಕ್ಕೆ ಕೈಯನ್ನು ಅಲ್ನಾ ಮೂಳೆಯ ತುದಿಯಲ್ಲಿ ನೆಟ್ಟಗೆ ಕೂರಿಸುತ್ತಾರೆ, ಕೆಲವು ತಿಂಗಳ ನಂತರ ಹೆಬ್ಬೆರಳಿನ ಕೆಲಸ. ಮೊಣಕೈ ಮಡಚದ ಮಗುವಿಗೆ ಮಾತ್ರ ಮಣಿಕಟ್ಟು ನೆಟ್ಟಗೆ ಮಾಡಬಾರದು. ಆ ಬಾಗಿದ ಮಣಿಕಟ್ಟಿನಿಂದಲೇ ಕೈ ಬಾಯಿಗೆ ಮುಟ್ಟುತ್ತಿರುತ್ತದೆ. ನೆಟ್ಟಗೆ ಮಾಡಿದರೆ ಫೋಟೋದಲ್ಲಿ ಚೆಂದ ಕಾಣುತ್ತದೆ, ತುತ್ತು ಬಾಯಿಗೆ ಹೋಗುವುದಿಲ್ಲ. ಬಾಗು ಮರಳಿ ಬರುವುದು ಸಾಮಾನ್ಯ, ಹಾಗಾಗಿ ರಾತ್ರಿ ಸ್ಪ್ಲಿಂಟ್ ಬೆಳವಣಿಗೆ ಮುಗಿಯುವವರೆಗೂ ಬೇಕಾಗಬಹುದು. ಮುಂಗೈ ಇನ್ನೊಂದು ಕಡೆಯಷ್ಟು ಉದ್ದ ಬೆಳೆಯುವುದಿಲ್ಲ.

ಆಪರೇಷನ್ನಿನ ದಿನ ಮತ್ತು ಆಮೇಲೆ

ನೆಗಡಿ, ಕೆಮ್ಮು, ಜ್ವರ ಇದ್ದರೆ ಮುಚ್ಚಿಡದೆ ಹೇಳಿ, ದಿನ ಮುಂದೂಡಿದರೆ ಬೇಸರಿಸಬೇಡಿ. ಅರಿವಳಿಕೆಗೆ ಮೊದಲು ಗಟ್ಟಿ ಆಹಾರ ಮತ್ತು ಹಸುವಿನ ಹಾಲನ್ನು 6 ಗಂಟೆ, ತಾಯಿಹಾಲನ್ನು 4 ಗಂಟೆ, ನೀರನ್ನು 2 ಗಂಟೆ ಮೊದಲು ನಿಲ್ಲಿಸುವುದು ರೂಢಿ. ನಿಮ್ಮ ಅರಿವಳಿಕೆ ವೈದ್ಯರು ಬೇರೆ ಹೇಳಿದರೆ ಅದೇ ಅಂತಿಮ. ಅಜ್ಜಿ ಪ್ರೀತಿಯಿಂದ ಬಾಯಿಗಿಟ್ಟ ಒಂದು ತುಂಡು ಬಿಸ್ಕತ್ತು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಬೆರಳಿನ ಆಪರೇಷನ್ನಿಗೂ ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ, ಗಿಡ್ಡದು ಹಾಕಿದರೆ ಮಗು ಅದನ್ನು ಕಿತ್ತು ತೆಗೆಯುತ್ತದೆ. ಕರಗುವ ಹೊಲಿಗೆಯೇ ಎಂದು ಕೇಳಿಕೊಳ್ಳಿ, ಎಳೆಯ ಮಗುವಿನಲ್ಲಿ ಬೇರೆ ಹೊಲಿಗೆ ಬಿಚ್ಚುವುದು ದೊಡ್ಡ ಸಂಕಟ.

ಮೊದಲ ಎರಡು ದಿನ ಕೈ ಎದೆಗಿಂತ ಮೇಲಿರಲಿ, ಮಲಗಿದಾಗ ದಿಂಬಿನ ಮೇಲಿಡಿ. ಬೆರಳ ತುದಿ ನೀಲಿಯಾದರೆ, ಬಿಳಿಚಿ ತಣ್ಣಗಾದರೆ, ಔಷಧಿ ಕೊಟ್ಟರೂ ಮಗು ಅಳು ನಿಲ್ಲಿಸದಿದ್ದರೆ, ಜ್ವರ ಬಂದರೆ, ಕಟ್ಟಿನಿಂದ ಕೆಟ್ಟ ವಾಸನೆ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಕಟ್ಟು ನೆನೆಯಬಾರದು. ಚರ್ಮದ ಕಸಿ ಮೊದಲ ವಾರಗಳಲ್ಲಿ ಸಡಿಲವಾಗಿ ಕೂತಿರುತ್ತದೆ, ನೆನೆದರೆ ಕೊಳೆಯುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಕಟ್ಟು ಬಿಚ್ಚುತ್ತಾರೆ. ಗಾಯ ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಕಲೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಸಣ್ಣ ಸುತ್ತುಗಳಲ್ಲಿ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ತಿಕ್ಕಬೇಕು. ಇದನ್ನು ಹಲವು ತಿಂಗಳು ಬಿಡದೆ ಮಾಡಿ. ದೂರವೆಂದು ಥೆರಪಿಗೆ ಹೋಗದೆ ಕಲೆ ಬಿಗಿದ ಕೈಗಳು ಎಷ್ಟೋ ಇವೆ. ಬರಲಾಗದಿದ್ದರೆ ಆರಂಭದಲ್ಲೇ ಹೇಳಿ, ಮನೆಯಲ್ಲಿ ಮಾಡುವ ಕ್ರಮವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ.

ಮುಂಗೈ ಅರ್ಧಕ್ಕೆ ನಿಂತ ಮಗು

ಮೋಟು ಕೈಗೆ ಕಾಲುಚೀಲ ಹಾಕಿ ಮುಚ್ಚಬೇಡಿ, ಆ ತುದಿಯ ಚರ್ಮವೇ ಮಗುವಿನ ಸ್ಪರ್ಶ. ಮಗು ಎಚ್ಚರವಿರುವಾಗ ಬೋರಲು ಮಲಗಿಸಿ ಗಿಡ್ಡ ಕೈಯ ಕೆಳಗೆ ಟವೆಲ್ ಸುತ್ತಿಟ್ಟರೆ ಎರಡೂ ಭುಜ ಸಮವಾಗಿ ನಿಲ್ಲುತ್ತವೆ, ಕುತ್ತಿಗೆ ಎತ್ತಲು ಕಲಿಯುತ್ತದೆ. ಆಟಿಕೆಯನ್ನು ಗಿಡ್ಡ ಕೈಯ ಕಡೆಯಿಂದಲೂ ಕೊಡಿ. ಕೂರಲು ಶುರುಮಾಡುವ 6 ತಿಂಗಳ ಹೊತ್ತಿಗೆ ಹಗುರವಾದ, ಚಲಿಸದ ಕೃತಕ ಕೈ ಹಾಕಿ ಅಭ್ಯಾಸ ಮಾಡಿಸಬಹುದು. ಹಿಡಿಯುವ ಬಗೆಯದು ಎರಡು ಮೂರು ವರ್ಷದ ನಂತರ. ಆದರೆ ನೇರವಾಗಿ ಹೇಳಬೇಕಾದದ್ದು: ಮೊಣಕೈ ಇರುವ ಬಹಳಷ್ಟು ಮಕ್ಕಳು ಕೃತಕ ಕೈಯನ್ನು ಬಿಟ್ಟು ತಮ್ಮ ಕೈಯಲ್ಲೇ ಕೆಲಸ ಮಾಡಲು ಬಯಸುತ್ತಾರೆ. ಕೃತಕ ಕೈ ಭಾರ, ಸೆಖೆ, ಮುಟ್ಟಿದ್ದು ಗೊತ್ತಾಗುವುದಿಲ್ಲ. ಮಗು ಬೇಡವೆಂದರೆ ಅದು ಸೋಲಲ್ಲ. ಸಾಲ ಮಾಡಿ ಮೋಟಾರ್ ಕೈ ತರುವ ಮೊದಲು, ಸೈಕಲ್ ಹ್ಯಾಂಡಲ್ ಹಿಡಿಯುವ ಕೊಕ್ಕೆಯಂಥ ಒಂದೊಂದು ಕೆಲಸದ ಉಪಕರಣಗಳನ್ನು ಪ್ರಯತ್ನಿಸಿ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಸಾಧನಗಳು ಸಿಗುತ್ತವೆ.

ಬಲಗೈಯಲ್ಲಿ ವ್ಯತ್ಯಾಸವಿದ್ದರೆ ಮಗು ಎಡಗೈಯಲ್ಲೇ ಉಣ್ಣಲಿ, ಎಡಗೈಯಲ್ಲೇ ಪ್ರಸಾದ ಪಡೆಯಲಿ, ಎಡಗೈಯಲ್ಲೇ ಬರೆಯಲಿ. ಇದನ್ನು ಮನೆಯ ಹಿರಿಯರಿಗೂ ಅಂಗನವಾಡಿಯವರಿಗೂ ಮೊದಲೇ ಒಪ್ಪಿಸಿ. ಪಂಕ್ತಿಯಲ್ಲಿ ಒಮ್ಮೆ ಕೈ ಹಿಡಿದೆಳೆದು ‘ಬಲಗೈ’ ಎಂದರೆ ಮಗು ಮುಂದೆ ಜನರ ನಡುವೆ ಊಟಕ್ಕೇ ಕೂರುವುದಿಲ್ಲ. ಶಾಲೆಗೆ ಸೇರುವ ಮೊದಲು ‘ನಿನ್ನ ಕೈಗೆ ಏನಾಯಿತು?’ ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ: ‘ನಾನು ಹುಟ್ಟಿದ್ದೇ ಹೀಗೆ, ನೋಯಲ್ಲ.’ ಬರೆಯುವಾಗ ಪುಸ್ತಕ ಜಾರದಂತೆ ಕೆಳಗೆ ರಬ್ಬರ್ ಹಾಸು ಅಥವಾ ಕ್ಲಿಪ್ ಇರುವ ಪ್ಯಾಡ್, ಗುಂಡಿಯ ಬದಲು ವೆಲ್ಕ್ರೋ, ಸೈಕಲ್ಲಿನ ಎರಡೂ ಬ್ರೇಕ್ ಒಂದೇ ಬದಿಗೆ, ಇಷ್ಟರಿಂದ ದಿನದ ಬಹುಪಾಲು ಕೆಲಸ ಸಲೀಸಾಗುತ್ತದೆ.

ಕಾಗದಪತ್ರ ತಡಮಾಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದು ಚಲನಾಂಗದ ವೈಕಲ್ಯದೊಳಗೆ ಬರುತ್ತದೆ, ಶೇ. 40 ಅಥವಾ ಹೆಚ್ಚೆಂದು ಪ್ರಮಾಣೀಕರಿಸಿದರೆ ಹೆಚ್ಚಿನ ಸೌಲಭ್ಯಗಳು ತೆರೆಯುತ್ತವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಮಗುವಿನ ಆಧಾರ್, ಫೋಟೋ ಮತ್ತು ಎಕ್ಸ್‌ರೇ ಹಿಡಿದು ಜಿಲ್ಲಾ ಆಸ್ಪತ್ರೆಯ ಮಂಡಳಿ ಕೂರುವ ದಿನ ಹೋಗಿ. ಬೆಳೆಯುವ ಮಗುವಿಗೆ, ಅದರಲ್ಲೂ ಆಪರೇಷನ್ ಬಾಕಿಯಿದ್ದರೆ, ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು. ಅವಧಿ ಮುಗಿಯುವ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಅರ್ಹ ವಿದ್ಯಾರ್ಥಿಗೆ ಬರವಣಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ, ಬೇಕಿದ್ದರೆ ಬರೆದುಕೊಡುವವರ ನೆರವೂ ಇದೆ. ಎಸ್‌ಎಸ್‌ಎಲ್‌ಸಿಯ ಹೊತ್ತಿಗೆ ಓಡಾಡುವ ಬದಲು ಎಂಟನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರಿಗೆ ಕಾರ್ಡಿನ ಪ್ರತಿ ಕೊಟ್ಟು, ಸ್ವೀಕೃತಿ ಬರೆಸಿಕೊಳ್ಳಿ.